ನಿಕಾನ್ ಡಿ750, ಶಟರ್ ಕೌಂಟ್ 1.86 ಲಕ್ಷ: ಶಟರ್ ಹಾಕಿಸುವುದೋ, ಮಿರರ್‌ಲೆಸ್‌ಗೆ ಹೋಗುವುದೋ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮದುವೆ, ಉಪನಯನ, ಗೃಹಪ್ರವೇಶದ ಕೆಲಸಕ್ಕೆ ಬಳಸುತ್ತಿರುವ ಡಿ750 ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಇದು. ಶಟರ್ ಕೌಂಟ್, ಅಂದರೆ ಸೆನ್ಸರಿನ ಮುಂದಿನ ಪರದೆ ಇದುವರೆಗೆ ತೆರೆದು ಮುಚ್ಚಿದ ಲೆಕ್ಕ, 1,86,000 ದಾಟಿದೆ. ಕಂಪನಿ ಕೊಟ್ಟಿರುವ ಅಂದಾಜು 1,50,000. ಈಗ ಕಾಣುತ್ತಿರುವ ತೊಂದರೆ ಇಷ್ಟು:

- ಕೆಲವು ಫೋಟೋಗಳಲ್ಲಿ ಅಡ್ಡಕ್ಕೆ ಕಪ್ಪು ಪಟ್ಟಿ ಬರುತ್ತದೆ, ಹೆಚ್ಚಾಗಿ 1/1000 ಸೆಕೆಂಡಿಗಿಂತ ವೇಗದ ಸ್ಪೀಡಿನಲ್ಲಿ.
- ಆಗಾಗ 'ಎರರ್' ಮಿನುಗುತ್ತದೆ. ಇನ್ನೊಮ್ಮೆ ಬಟನ್ ಒತ್ತಿದರೆ ಹೋಗುತ್ತದೆ.
- ಹಿಂದಿನ ಡಯಲ್ ಒಂದು ಹಲ್ಲು ತಿರುಗಿಸಿದರೆ ಎರಡು ಹೆಜ್ಜೆ ಹಾರುತ್ತದೆ, ಒಮ್ಮೊಮ್ಮೆ ಹಿಂದಕ್ಕೂ ಹೋಗುತ್ತದೆ.
- ಗ್ರಿಪ್ಪಿನ ರಬ್ಬರ್ ಉಬ್ಬಿ ಅಂಚಿನಲ್ಲಿ ಎದ್ದಿದೆ.

ಲೆನ್ಸ್‌ಗಳು: ಎಎಫ್-ಎಸ್ 24-70 ಎಫ್ 2.8 ಜಿ, ಹಳೆಯ ಎಎಫ್ 80-200 ಎಫ್ 2.8 ಡಿ, ಎಎಫ್-ಎಸ್ 50 ಎಫ್ 1.8 ಜಿ. ಶಟರ್ ಯೂನಿಟ್ ಬದಲಿಸಲು ಕೂಲಿ ಸೇರಿ 18 ಸಾವಿರ ಹೇಳಿದ್ದಾರೆ. ಇದೇ ಮಾಡೆಲ್ ಸೆಕೆಂಡ್ ಹ್ಯಾಂಡ್ ಬಾಡಿಗೆ 45 ಸಾವಿರದವರೆಗೆ ಕೇಳುತ್ತಿದ್ದಾರೆ. ನಿಕಾನಿನ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಬಾಡಿಗಳಾದ ಝಡ್6 ಟು ಅಥವಾ ಝಡ್5 ಟು ತೆಗೆದುಕೊಳ್ಳುವ ಯೋಚನೆಯೂ ಇದೆ. ವಿಡಿಯೋ ಕೆಲಸ ಬಹಳ ಕಡಿಮೆ, ಆಲ್ಬಂ ಕೆಲಸವೇ ಮುಖ್ಯ. ತುಳಸಿ ಪೂಜೆ ಕಳೆದರೆ ಮುಹೂರ್ತಗಳು ಶುರುವಾಗುತ್ತವೆ, ಅಷ್ಟರೊಳಗೆ ತೀರ್ಮಾನ ಆಗಬೇಕು. ತಿಳಿದವರು ದಯವಿಟ್ಟು ಹೇಳಿ.

ಬೆಳಕಿಂಡಿ

ಸರ್, ಕೌಂಟ್ ನೋಡಿ ತೀರ್ಮಾನ ಮಾಡಬೇಡಿ. 1,50,000 ಎನ್ನುವುದು ಪರೀಕ್ಷೆಯ ಅಂಕಿ, ಅದು ದಾಟಿದ ಮರುದಿನ ಶಟರ್ ಸಾಯುವುದಿಲ್ಲ. ಮೊದಲು ಆ ಕಪ್ಪು ಪಟ್ಟಿ ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗಬೇಕು. ಮದುವೆ ಫೋಟೋದಲ್ಲಿ ಪಟ್ಟಿ ಬರಲು ಮೂರು ಕಾರಣಗಳಿವೆ. ಮೂರಕ್ಕೂ ಮದ್ದು ಬೇರೆ ಬೇರೆ.

ಮೊದಲನೆಯದು ಎಲ್‌ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತವೆ. ಶಟರಿನ ಪರದೆ ಸೆನ್ಸರನ್ನು ದಾಟಲು ಸುಮಾರು 4 ಮಿಲಿಸೆಕೆಂಡ್ ಬೇಕು, ದೀಪದ ಒಂದು ಸುತ್ತು 10 ಮಿಲಿಸೆಕೆಂಡ್. ಹಾಗಾಗಿ ಫ್ರೇಮಿನ ಒಂದು ಕಡೆ ನಿಧಾನವಾಗಿ ಮಬ್ಬಾಗುತ್ತದೆ, ಬಣ್ಣವೂ ಹಳದಿಗೆ ತಿರುಗಬಹುದು. ವೇದಿಕೆ ಹಿಂದಿನ ಎಲ್‌ಇಡಿ ಗೋಡೆ ಮತ್ತು ಡಿಮ್ಮರ್ ಹಾಕಿದ ದೀಪಗಳು ಇದಕ್ಕಿಂತ ವೇಗವಾಗಿ ಮಿನುಗುವುದರಿಂದ ಅಲ್ಲಿ ಹಲವು ತೆಳು ಪಟ್ಟಿಗಳು ಕಾಣುತ್ತವೆ. ಇದರ ಗುರುತು ಏನೆಂದರೆ, ಪಟ್ಟಿ ಪ್ರತಿ ಫ್ರೇಮಿನಲ್ಲೂ ಜಾಗ ಬದಲಿಸುತ್ತದೆ. ಕರೆಂಟಿನ ಮಿನುಗಾದರೆ 1/100 ಅಥವಾ 1/50ಕ್ಕೆ ಇಳಿದರೆ ಮಾಯ. ಕ್ಯಾಮೆರಾ ಬದಲಿಸಿದರೂ ಇದು ಪೂರ್ತಿ ಹೋಗುವುದಿಲ್ಲ. ಮಿರರ್‌ಲೆಸ್‌ನ ಸೈಲೆಂಟ್ ಶಟರಿನಲ್ಲಂತೂ ಇನ್ನೂ ಜಾಸ್ತಿ, ಏಕೆಂದರೆ ಸಾಮಾನ್ಯ ಸೆನ್ಸರ್ ಸಾಲು ಸಾಲಾಗಿ ಓದಲು ಯಾಂತ್ರಿಕ ಪರದೆಗಿಂತ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ.

ಎರಡನೆಯದು ಫ್ಲ್ಯಾಶ್. ಡಿ750ರ ಸಿಂಕ್ (ಫ್ಲ್ಯಾಶ್ ಜೊತೆ ಸಾಮಾನ್ಯವಾಗಿ ಬಳಸಬಹುದಾದ ಗರಿಷ್ಠ ಸ್ಪೀಡ್) 1/200. ಅಗ್ಗದ ಟ್ರಿಗರ್ ಸ್ವಲ್ಪ ತಡವಾಗಿ ಹೊಡೆದರೆ ಅಡ್ಡ ಫ್ರೇಮಿನ ಕೆಳಗಡೆ ಕಪ್ಪು ಅಂಚು ಬರುತ್ತದೆ. 1/160ಕ್ಕೆ ಇಳಿಸಿ ನೋಡಿ.

ಮೂರನೆಯದು ನಿಜಕ್ಕೂ ಶಟರ್ ದಣಿದಿರುವುದು. ಇದನ್ನು ಹಗಲು ಬೆಳಕಿನಲ್ಲಿ ಮಾತ್ರ ಪರೀಕ್ಷಿಸಬೇಕು, ಟ್ಯೂಬ್‌ಲೈಟ್ ಕೆಳಗೆ ಮಾಡಿದರೆ ಫಲಿತಾಂಶ ನಂಬಲಾಗದು. ಒಂದೇ ಸಮ ಬೆಳಕಿರುವ ಬಿಳಿ ಗೋಡೆ ಸಾಕು. ಎಂ ಮೋಡ್, ಆಟೊ ಐಎಸ್‌ಒ ಆಫ್, ಆಕ್ಟಿವ್ ಡಿ-ಲೈಟಿಂಗ್ ಆಫ್, ವೈಟ್ ಬ್ಯಾಲೆನ್ಸ್ ಸ್ಥಿರ, ಫೋಕಸ್ ಮ್ಯಾನ್ಯುವಲ್ ಇಟ್ಟು ಮಸುಕು ಮಾಡಿ. ಅಪರ್ಚರ್ ಎಫ್ 8ರಲ್ಲೇ ಇರಲಿ. ತೆರೆದ ಅಪರ್ಚರಿನಲ್ಲಿ ಲೆನ್ಸ್ ಮೂಲೆಗಳನ್ನು ಕಪ್ಪು ಮಾಡುತ್ತದೆ, ಅದನ್ನೇ ಶಟರ್ ದೋಷ ಎಂದು ಓದಿಬಿಡುವ ಅಪಾಯವಿದೆ. 1/250 ಐಎಸ್‌ಒ 100ರಲ್ಲಿ ಗೋಡೆ ಮಧ್ಯಮ ಬೂದು ಬರುವಂಥ ನೆರಳಿನ ಜಾಗ ಹುಡುಕಿ, ಅಲ್ಲಿಂದ 1/500ಕ್ಕೆ 200, 1/1000ಕ್ಕೆ 400, 1/2000ಕ್ಕೆ 800, 1/4000ಕ್ಕೆ 1600. ಒಂದೊಂದಕ್ಕೂ ಐದು ಫ್ರೇಮ್. ಕಂಪ್ಯೂಟರಿನಲ್ಲಿ ಮೇಲಿನ ಅಂಚು, ನಡು, ಕೆಳಗಿನ ಅಂಚಿನ ಮೌಲ್ಯ ಹೋಲಿಸಿ.

ವೇಗದ ಸ್ಪೀಡಿನಲ್ಲೇ ದೋಷ ಮೊದಲು ಕಾಣುವುದೇಕೆ ಎಂದರೆ, 1/4000ರಲ್ಲಿ ಎರಡು ಪರದೆಗಳ ನಡುವಿನ ಸೀಳು ಒಂದೂವರೆ-ಎರಡು ಮಿಲಿಮೀಟರ್ ಅಷ್ಟೆ. ಪ್ರತಿ ಸಾಲಿಗೂ ಬೆಳಕು ಸಿಗುವುದು 0.25 ಮಿಲಿಸೆಕೆಂಡ್. ಎರಡನೇ ಪರದೆ 0.1 ಮಿಲಿಸೆಕೆಂಡ್ ಬೇಗ ಬಂದರೂ 40% ಬೆಳಕು ಹೋಯಿತು, ಅಂದರೆ ಮುಕ್ಕಾಲು ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ). ಅದೇ ತಪ್ಪು 1/250ರಲ್ಲಿ 2.5% ಮಾತ್ರ, ಕಣ್ಣಿಗೆ ಕಾಣುವುದೇ ಇಲ್ಲ.

ಸಣ್ಣಸ್ಕ್ರೂ

'ಎರರ್' ಬಗ್ಗೆ. ಲೆನ್ಸ್ ತೆಗೆದು, ಎಂ ಮೋಡಿನಲ್ಲಿ ಐವತ್ತು-ಅರವತ್ತು ಸಲ ಒತ್ತಿ. ಬಾಡಿಯನ್ನು ಕೆಳಮುಖ ಮಾಡಿ ಹಿಡಿಯಿರಿ, ಧೂಳು ಒಳಗೆ ಬೀಳುವುದಿಲ್ಲ. ಲೆನ್ಸ್ ಇಲ್ಲದೆಯೂ ಎರರ್ ಬಂದರೆ ಮಿರರ್ ಅಥವಾ ಶಟರಿನ ಯಾಂತ್ರಿಕ ಭಾಗದ ತೊಂದರೆ. ಒಂದೇ ಲೆನ್ಸಿನಲ್ಲಿ ಬಂದರೆ ಆ ಲೆನ್ಸಿನ ಅಪರ್ಚರ್ ಲಿವರ್ ಅಂಟಿಕೊಳ್ಳುತ್ತಿದೆ ಅಥವಾ ಕಾಂಟ್ಯಾಕ್ಟ್ ಕೊಳೆಯಾಗಿದೆ. ನಿಮ್ಮ 80-200ರಲ್ಲಿ ಅಪರ್ಚರ್ ರಿಂಗ್ ಇದೆ. ಅದು 22ಕ್ಕೆ ಲಾಕ್ ಆಗಿಲ್ಲದಿದ್ದರೆ 'ಎಫ್‌ಇಇ' ಮಿನುಗುತ್ತದೆ. ಅದು ಬೇರೆ ಸಂದೇಶ, ದೋಷವೇ ಅಲ್ಲ. ಎರಡನ್ನೂ ಒಂದೇ ಎಂದುಕೊಂಡು ಸರ್ವಿಸಿಗೆ ಕೊಡುವವರಿದ್ದಾರೆ.

ಬ್ಯಾಟರಿಯನ್ನೂ ನೋಡಿ. ಸೆಟಪ್ ಮೆನುವಿನ ಬ್ಯಾಟರಿ ಮಾಹಿತಿಯಲ್ಲಿ ಅದರ ವಯಸ್ಸು 0ಯಿಂದ 4ರವರೆಗೆ ತೋರಿಸುತ್ತದೆ. 4 ಇದ್ದರೆ ಬದಲಿಸುವ ಕಾಲ. ದಣಿದ ಬ್ಯಾಟರಿಯಲ್ಲಿ ಮಿರರ್ ಎತ್ತುವ ಮೋಟರಿಗೆ ಬೇಕಾದ ಶಕ್ತಿ ಒಮ್ಮೆಲೇ ಸಿಗದೆ ಕ್ಯಾಮೆರಾ ತಡವರಿಸಬಹುದು.

ಗ್ರಿಪ್ ಮನೆಯಲ್ಲೇ ಆಗುವ ಕೆಲಸ. ಬೆವರು ಮತ್ತು ಕೈಯ ಎಣ್ಣೆ ಹೀರಿ ರಬ್ಬರ್ ಹಿಗ್ಗುತ್ತದೆ, ಹಿಗ್ಗಿದ್ದನ್ನು ಫೆವಿಕ್ವಿಕ್ ಹಾಕಿ ಒತ್ತಿದರೆ ಮತ್ತೆ ಏಳುತ್ತದೆ. ಅಷ್ಟೇ ಅಲ್ಲ, ರಬ್ಬರಿನ ಕೆಳಗಿರುವ ಸ್ಕ್ರೂಗಳು ಅಂಟಿನಲ್ಲಿ ಮುಚ್ಚಿಹೋಗಿ ಮುಂದೆ ಬಾಡಿ ಬಿಚ್ಚುವುದೇ ಕಷ್ಟ. ಹಳೆಯ ರಬ್ಬರನ್ನು ಪೂರ್ತಿ ಕಿತ್ತು, ಉಳಿದ ಅಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಇಯರ್‌ಬಡ್‌ನಿಂದ ಒರೆಸಿ ತೆಗೆಯಿರಿ. ಥಿನ್ನರ್, ಪೆಟ್ರೋಲ್ ಬೇಡ, ಪ್ಲಾಸ್ಟಿಕ್ ಕರಗುತ್ತದೆ. ಹೊಸ ರಬ್ಬರ್ ಟೇಪಿನೊಂದಿಗೇ ಕತ್ತರಿಸಿದ್ದು ಸಿಗುತ್ತದೆ.

ಡಯಲ್: ಒಳಗಿನ ಸಣ್ಣ ಕಾಂಟ್ಯಾಕ್ಟುಗಳಲ್ಲಿ ಕೊಳೆ. ಬ್ಲೋವರ್ ಹಾಕಿ, ಬ್ಯಾಟರಿ ತೆಗೆದು ಡಯಲನ್ನು ಎರಡೂ ಕಡೆ ಚೆನ್ನಾಗಿ ತಿರುಗಿಸಿ. ಡಬ್ಲ್ಯುಡಿ-40 ಸಿಂಪಡಿಸಬೇಡಿ, ಎಣ್ಣೆ ಒಳಗಿಳಿದು ಇನ್ನಷ್ಟು ಧೂಳು ಹಿಡಿಯುತ್ತದೆ. ಶಟರಿಗಾಗಿ ಬಾಡಿ ಬಿಚ್ಚಿದಾಗಲೇ ಡಯಲ್ ಭಾಗವನ್ನೂ ಸ್ವಚ್ಛ ಮಾಡಲು ಹೇಳಿದರೆ ಎರಡು ಸಲ ಕೂಲಿ ಕೊಡುವುದು ತಪ್ಪುತ್ತದೆ.

ಇನ್ನೊಂದು ಮಾತು: ಯೂಟ್ಯೂಬ್ ನೋಡಿ ಬಾಡಿಯನ್ನು ಮನೆಯಲ್ಲಿ ಬಿಚ್ಚಲು ಹೋಗಬೇಡಿ. ಪಾಪ್-ಅಪ್ ಫ್ಲ್ಯಾಶಿನ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ನಿಂತಿರುತ್ತದೆ, ಬ್ಯಾಟರಿ ತೆಗೆದ ಮೇಲೂ.

ಕರಾವಳಿಚಿತ್ರ

ನನ್ನ ಅಭಿಪ್ರಾಯ ಬೇರೆ. ಹತ್ತು ವರ್ಷ ಹಳೆಯ ಬಾಡಿಗೆ 18 ಸಾವಿರ ಸುರಿಯುವ ಬದಲು ಅದನ್ನು ಹೊಸದಕ್ಕೆ ಸೇರಿಸಿ. ಝಡ್5 ಟು 2025ರಲ್ಲಿ ಬಂದದ್ದು, 24.5 ಮೆಗಾಪಿಕ್ಸೆಲ್, ಎರಡು ಎಸ್‌ಡಿ ಸ್ಲಾಟ್, ಬಾಡಿಯೊಳಗೇ ಸ್ಟೆಬಿಲೈಸೇಶನ್. ಧಾರೆಯ ಹೊತ್ತಿಗೆ ಹೊಗೆ, ಮಬ್ಬು ಬೆಳಕು, ಅಡ್ಡ ಬರುವ ಕೈಗಳ ನಡುವೆ ಕಣ್ಣು ಗುರುತಿಸಿ ಫೋಕಸ್ ಹಿಡಿಯುವುದರಲ್ಲಿ ಡಿ750 ಅದರ ಹತ್ತಿರಕ್ಕೂ ಬರುವುದಿಲ್ಲ. ಡಿ750ರ 51 ಫೋಕಸ್ ಪಾಯಿಂಟುಗಳೂ ಫ್ರೇಮಿನ ನಡುವೆ ಗುಂಪಾಗಿವೆ. ಅಂಚಿನಲ್ಲಿರುವ ಮುಖಕ್ಕೆ ಫೋಕಸ್ ಹಿಡಿದು ಮತ್ತೆ ಫ್ರೇಮ್ ಮಾಡುವಷ್ಟರಲ್ಲಿ ಎಫ್ 1.8ರಲ್ಲಿ ಕಣ್ಣು ಮಸುಕಾಗಿರುತ್ತದೆ. ಹಳೆಯ ಬಾಡಿಯನ್ನು 1/1000ಕ್ಕಿಂತ ಕೆಳಗೆ ಬಳಸುತ್ತ ಎರಡನೆಯದಾಗಿ ಇಟ್ಟುಕೊಳ್ಳಿ.

ಬೆಳಕಿಂಡಿ

ಫೋಕಸ್ ವಿಷಯ ಒಪ್ಪಿದೆ. ಆದರೆ ಬಾಡಿಯ ಬೆಲೆಯಷ್ಟನ್ನೇ ಲೆಕ್ಕ ಹಾಕಿದರೆ ಆಗುವುದಿಲ್ಲ. ಅವರ 80-200 ಡಿ ಲೆನ್ಸಿನಲ್ಲಿ ಮೋಟರ್ ಇಲ್ಲ, ಬಾಡಿಯ ಸ್ಕ್ರೂ ಅದನ್ನು ತಿರುಗಿಸಬೇಕು. ಹಳೆಯ ಲೆನ್ಸುಗಳನ್ನು ಝಡ್ ಬಾಡಿಗೆ ಕೂರಿಸುವ ನಿಕಾನಿನ ಎಫ್‌ಟಿಝಡ್ ಅಡಾಪ್ಟರುಗಳಲ್ಲಿ, ಮೊದಲನೆಯದಿರಲಿ ಎರಡನೆಯದಿರಲಿ, ಆ ಮೋಟರ್ ಇಲ್ಲ. ಲೆನ್ಸ್ ಕೂರುತ್ತದೆ, ಎಕ್ಸ್‌ಪೋಶರ್ ಸರಿ ಬರುತ್ತದೆ, ಫೋಕಸ್ ಕೈಯಲ್ಲೇ ತಿರುಗಿಸಬೇಕು. ಮಾಂಗಲ್ಯಧಾರಣೆಯಲ್ಲಿ ಅದು ನಡೆಯುವ ಮಾತಲ್ಲ. ಅಂದರೆ ಬಾಡಿ, ಅಡಾಪ್ಟರ್, ಮೋಟರ್ ಇರುವ ಇನ್ನೊಂದು ಟೆಲಿ (ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್), ಇಷ್ಟೂ ಸೇರಿಸಿ. ಝಡ್6 ಟು ಆದರೆ ಒಂದು ಸ್ಲಾಟ್ ಸಿಎಫ್ಎಕ್ಸ್‌ಪ್ರೆಸ್ ಅಥವಾ ಎಕ್ಸ್‌ಕ್ಯೂಡಿ, ಆ ಕಾರ್ಡು ಮತ್ತು ರೀಡರ್ ಬೇರೆ. ಡಿ750 ಒಂದು ಚಾರ್ಜಿಗೆ ಕಂಪನಿ ಅಳತೆಯಲ್ಲಿ 1,230 ಫ್ರೇಮ್ ಕೊಡುತ್ತದೆ. ಮಿರರ್‌ಲೆಸ್‌ಗೆ 300-400ರ ಆಸುಪಾಸು, ಆದ್ದರಿಂದ ಇಡೀ ದಿನದ ಮದುವೆಗೆ ಕನಿಷ್ಠ ಮೂರು ಒಳ್ಳೆಯ ಬ್ಯಾಟರಿ. ಸ್ಟುಡಿಯೊದ ಕಂಪ್ಯೂಟರಿನಲ್ಲಿ ಹಳೆಯ ಫೋಟೋಶಾಪ್ ಇದ್ದರೆ ಹೊಸ ಕ್ಯಾಮೆರಾದ ರಾ ಫೈಲ್ ತೆರೆಯುವುದೂ ಇಲ್ಲ.

1/1000ಕ್ಕಿಂತ ಕೆಳಗೆ ಬಳಸಬಹುದು ಎನ್ನುವುದು ಅಪಾಯದ ಸಲಹೆ. ದಣಿದ ಶಟರ್ ಸ್ಪೀಡ್ ನೋಡಿ ಕೈಕೊಡುವುದಿಲ್ಲ. ಶಟರ್ ಪರದೆಯ ಒಂದು ಎಲೆ ಮಡಚಿಕೊಂಡರೆ ಆ ಕ್ಷಣದಿಂದ ಕ್ಯಾಮೆರಾ ನಿಂತಿತು, ಮುರಿದ ಚೂರು ಸೆನ್ಸರಿನ ಮುಂದಿನ ಗಾಜನ್ನೂ ಗೀರಬಹುದು. ಆಮೇಲೆ ರಿಪೇರಿಯ ಮಾತೇ ಉಳಿಯುವುದಿಲ್ಲ.

ತುಂಗಾತೀರ

ಹೇಳಿದಂತೆ ಪರೀಕ್ಷೆ ಮಾಡಿದೆ. 1/1000ರವರೆಗೆ ಸಮವಾಗಿದೆ. 1/2000ರಲ್ಲಿ ಒಂದೇ ಅಂಚು ಸ್ವಲ್ಪ ಮಬ್ಬು, 1/4000ರಲ್ಲಿ ಅದೇ ಅಂಚು ಸ್ಪಷ್ಟವಾಗಿ ಕಪ್ಪು, ಐದೂ ಫ್ರೇಮಿನಲ್ಲಿ. ಲೆನ್ಸ್ ಇಲ್ಲದೆಯೂ ಎರರ್ ಬಂತು. ಬ್ಯಾಟರಿ ವಯಸ್ಸು 1. ಮಂಟಪದ ಹಳೆಯ ಫೋಟೋ ತೆಗೆದು ನೋಡಿದರೆ ಅಲ್ಲಿನ ತೆಳು ಪಟ್ಟಿಗಳು ಜಾಗ ಬದಲಿಸುತ್ತಿವೆ, ಅವು ಎಲ್‌ಇಡಿಯದ್ದೇ. ಲೈವ್ ವ್ಯೂನಲ್ಲೂ ವ್ಯೂಫೈಂಡರಿನಲ್ಲೂ ಫೋಕಸ್ ಒಂದೇ ಥರ ಚೂಪಾಗಿ ಬರುತ್ತಿದೆ.

ಸಣ್ಣಸ್ಕ್ರೂ

ಹಾಗಾದರೆ ಶಟರೇ. ಲೈವ್ ವ್ಯೂ ಮತ್ತು ವ್ಯೂಫೈಂಡರ್ ಎರಡರಲ್ಲೂ ಚೂಪು ಎಂದರೆ ಉಪ-ಮಿರರ್ (ಫೋಕಸ್ ಸೆನ್ಸರಿಗೆ ಬೆಳಕು ಕಳಿಸುವ ಚಿಕ್ಕ ಕನ್ನಡಿ), ಫೋಕಸ್ ಸೆನ್ಸರ್ ಸರಿ ಇವೆ ಎಂದರ್ಥ. ಇದು ರಿಪೇರಿಗೆ ಯೋಗ್ಯವಾದ ಬಾಡಿ. ಮದರ್‌ಬೋರ್ಡ್ ಅಥವಾ ಸೆನ್ಸರ್ ಹೋಗಿದ್ದರೆ ಖರ್ಚು ಬೇಡ ಎನ್ನುತ್ತಿದ್ದೆ. 45 ಸಾವಿರದ ಸೆಕೆಂಡ್ ಹ್ಯಾಂಡ್ ಡಿ750 ಕೊಂಡರೆ ಇನ್ನೊಬ್ಬರ ಶಟರಿನ ಚಿಂತೆ ಹೊತ್ತಂತೆ.

ಡಿ750ರ ಶಟರಿಗೆ ಸಂಬಂಧಿಸಿ ನಿಕಾನ್ 2015ರಲ್ಲಿ ಸರ್ವಿಸ್ ಸೂಚನೆ ಹೊರಡಿಸಿ, ಆಮೇಲೆ ಇನ್ನಷ್ಟು ಬಾಡಿಗಳಿಗೆ ಅದನ್ನು ವಿಸ್ತರಿಸಿತ್ತು. ಸೀರಿಯಲ್ ನಂಬರ್ ಹಾಕಿ ಒಮ್ಮೆ ನೋಡಿಬಿಡಿ. ಇಷ್ಟು ವರ್ಷದ ಮೇಲೆ ಉಚಿತವಾಗಿ ಆಗುತ್ತದೆ ಎಂದು ಲೆಕ್ಕ ಹಾಕಿಕೊಳ್ಳಬೇಡಿ.

ಕೊಡುವ ಮೊದಲು ಕೇಳಬೇಕಾದದ್ದು: ಶಟರ್ ಹೊಸದೋ, ಸತ್ತ ಕ್ಯಾಮೆರಾದಿಂದ ತೆಗೆದದ್ದೋ? ತೆಗೆದದ್ದಾದರೆ ಅದು ಎಷ್ಟು ಓಡಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ, 18 ಸಾವಿರಕ್ಕೆ ಅದನ್ನು ಒಪ್ಪಬೇಡಿ. ಹಳೆಯ ಯೂನಿಟ್ ವಾಪಸ್ ಕೇಳಿ. ಬಿಲ್ಲಿನಲ್ಲಿ ಆ ದಿನದ ಕೌಂಟ್ ಬರೆಸಿ, ಏಕೆಂದರೆ ಶಟರ್ ಬದಲಿಸಿದ ಮಾತ್ರಕ್ಕೆ ಎಕ್ಸಿಫ್‌ನಲ್ಲಿ (ಫೋಟೋ ಫೈಲಿನೊಳಗೆ ದಾಖಲಾಗುವ ಮಾಹಿತಿ) ಬರುವ ಸಂಖ್ಯೆ ಸೊನ್ನೆಯಾಗುವುದಿಲ್ಲ. ವಾರಂಟಿ ಬರವಣಿಗೆಯಲ್ಲಿರಲಿ.

ವಾಪಸ್ ಬಂದಾಗ ಅದೇ ಗೋಡೆ ಪರೀಕ್ಷೆ ಮತ್ತೆ ಮಾಡಿ. ಸೆನ್ಸರ್ ತೆಗೆಯದೆ ಶಟರಿನ ತನಕ ಕೈ ಹೋಗುವುದಿಲ್ಲ. ಸೆನ್ಸರಿನ ಹಿಂದಿರುವ ತೆಳು ವಾಷರ್‌ಗಳು ಇದ್ದಲ್ಲೇ ಕೂರದಿದ್ದರೆ ಫ್ರೇಮಿನ ಒಂದು ಬದಿ ಮಸುಕಾಗುತ್ತದೆ. ಇಟ್ಟಿಗೆ ಗೋಡೆಗೆ ಸಮಾನಾಂತರವಾಗಿ ಟ್ರೈಪಾಡ್ ನಿಲ್ಲಿಸಿ, 50ರ ಲೆನ್ಸಿನಲ್ಲಿ ಎಫ್ 2.8ಕ್ಕೆ ತೆಗೆದು ನಾಲ್ಕೂ ಮೂಲೆ ನೋಡಿ. ಆಮೇಲೆ ಎಫ್ 16ರಲ್ಲಿ ಆಕಾಶ ತೆಗೆದು ಧೂಳು ನೋಡಿ. ಹೊಸ ಶಟರ್ ಆರಂಭದಲ್ಲಿ ಸ್ವಲ್ಪ ಎಣ್ಣೆ ಚಿಮ್ಮಿಸುವುದುಂಟು. ಹಾಗಾಗಿ ಕೆಲಸಕ್ಕೆ ಒಯ್ಯುವ ಮುನ್ನ ಕೆಲವು ನೂರು ಫ್ರೇಮ್ ಓಡಿಸಿ, ಚುಕ್ಕೆ ಕಂಡರೆ ವಾರಂಟಿಯಲ್ಲೇ ಕ್ಲೀನ್ ಮಾಡಿಸಿ.

ಕರಾವಳಿಚಿತ್ರ

80-200 ಡಿ ಇದೆ ಎನ್ನುವುದನ್ನು ಗಮನಿಸಿರಲಿಲ್ಲ. ಹಾಗಾದರೆ ಈ ಸೀಸನ್ ಶಟರ್ ಹಾಕಿಸಿ ಮುಗಿಸಿ. ಹೊಸ ಬಾಡಿಗಿಂತ ಮೊದಲು ಟೆಲಿ ಬದಲಿಸಿ: ಸೆಕೆಂಡ್ ಹ್ಯಾಂಡ್ ಎಎಫ್-ಎಸ್ 70-200 ತೆಗೆದುಕೊಂಡರೆ ಇಂದು ಡಿ750ರಲ್ಲೂ ನಡೆಯುತ್ತದೆ, ನಾಳೆ ಎಫ್‌ಟಿಝಡ್ ಮೇಲೂ ಫೋಕಸ್ ಮಾಡುತ್ತದೆ. ಕೊಳ್ಳುವಾಗ ಫೋಕಸ್ ಮೋಟರ್ ಕೀರಲು ಸದ್ದು ಮಾಡುತ್ತದೆಯೇ ಕೇಳಿಸಿಕೊಳ್ಳಿ, ಟಾರ್ಚ್ ಹಾಕಿ ಒಳಗೆ ಫಂಗಸ್ ಇದೆಯೇ ನೋಡಿ. ನಿಮ್ಮ 24-70 ಜಿಗೂ ಇದೇ ಪರೀಕ್ಷೆ ಮಾಡಿ, ಈ ವಯಸ್ಸಿನಲ್ಲಿ ಅದರ ಮೋಟರ್ ಕೀರಲು ಶುರುಮಾಡುವುದು ಸಾಮಾನ್ಯ. ಕೀರುತ್ತಿದ್ದರೆ ಮುಂದಿನ ಖರ್ಚು ಅಲ್ಲಿಗೇ.

ಶಟರ್ ಸರ್ವಿಸಿಗೆ ಹೋದಾಗ ಸಿಗುವ ಮುಹೂರ್ತಗಳಿಗೆ ಬಾಡಿ ಬಾಡಿಗೆಗೆ ತರುವುದಾದರೆ ಝಡ್ ಬಾಡಿಯನ್ನೇ ತನ್ನಿ. 24-70 ಮತ್ತು 50 ಅಡಾಪ್ಟರ್ ಮೇಲೆ ನಿಮ್ಮ ಮಂಟಪಗಳ ಬೆಳಕಿನಲ್ಲಿ ಹೇಗೆ ಕೆಲಸ ಮಾಡುತ್ತವೆ ಎಂದು ಕೊಳ್ಳುವ ಮೊದಲೇ ಗೊತ್ತಾಗುತ್ತದೆ. ಸೈಲೆಂಟ್ ಶಟರ್ ಆಫ್ ಮಾಡಿ, ಮೆನುವಿನಲ್ಲಿ ಫೋಟೋ ಫ್ಲಿಕರ್ ರಿಡಕ್ಷನ್ ಆನ್ ಮಾಡಿ ಬಳಸಿ. ಜೊತೆಗೆ ಬರುವ ಬ್ಯಾಟರಿ ಎಷ್ಟು, ಚಾರ್ಜರ್ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ.