ಅರ್ಜಿನೈನ್ ಕೊಟ್ಟರೂ ಗಂಡಿಲಿಗಳ ವೀರ್ಯಾಣು ಎಣಿಕೆ ಏರುತ್ತಿಲ್ಲ, ಡೋಸ್ ಹೆಚ್ಚಿಸಲಾ?

ಇಲಿಮನೆ_ಧಾರವಾಡ
ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಸ್ವಿಸ್ ಆಲ್ಬಿನೋ ಗಂಡಿಲಿಗಳಿಗೆ (ಸಣ್ಣ ಬಿಳಿ ಇಲಿ, ಮೌಸ್) ಕುಡಿಯುವ ನೀರಿನಲ್ಲಿ ಎಲ್-ಅರ್ಜಿನೈನ್ ಎಂಬ ಅಮೈನೋ ಆಮ್ಲ ಬೆರೆಸಿ ಎರಡು ವಾರ ಕೊಟ್ಟೆ. ಕಂಟ್ರೋಲ್ ಗುಂಪಿಗೆ ಬರೀ ನೀರು. ಎಪಿಡಿಡೈಮಿಸ್‌ನ (ವೃಷಣಕ್ಕೆ ಅಂಟಿಕೊಂಡು, ವೀರ್ಯಾಣು ಪಕ್ವವಾಗುವ ನಾಳ) ಬಾಲದ ಭಾಗದಿಂದ ವೀರ್ಯಾಣು ತೆಗೆದು ಎಣಿಸಿದರೆ ಎರಡೂ ಗುಂಪು ಒಂದೇ. ಒಂದೇ ಪಂಜರದ ಇಲಿಗಳಲ್ಲೂ ಎಣಿಕೆ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಅರ್ಜಿನೈನ್ ಬಾಟಲಿಯಲ್ಲಿ ನೀರೂ ಜಾಸ್ತಿ ಉಳಿಯುತ್ತದೆ. ಡೋಸ್ ದುಪ್ಪಟ್ಟು ಮಾಡಿದರೆ ಹೇಗೆ?

ಹಳೇ_ಮೈಕ್ರೋಸ್ಕೋಪ್, ಹುಬ್ಬಳ್ಳಿ
ಡೋಸ್ ಮುಟ್ಟಬೇಡ ತಂಗಿ. ಮೊದಲು ಕ್ಯಾಲೆಂಡರ್ ನೋಡು.

ಇಲಿಯಲ್ಲಿ ಮೂಲ ಕೋಶದಿಂದ ವೀರ್ಯಾಣು ಆಗುವುದಕ್ಕೆ ಸುಮಾರು 35 ದಿನ ಬೇಕು. ವೃಷಣ ಬಿಟ್ಟು ಎಪಿಡಿಡೈಮಿಸ್ ದಾಟಿ ಬಾಲದ ಭಾಗಕ್ಕೆ ಬರಲು ಇನ್ನೊಂದು ವಾರದ ಮೇಲೆ. ಅಂದರೆ ನೀನು ಎಣಿಸಿದ ವೀರ್ಯಾಣುಗಳು ಅರ್ಜಿನೈನ್ ಶುರುವಾದ ದಿನವೇ ಕೋಶ ವಿಭಜನೆ ಮುಗಿಸಿ ಬಾಲ ಮೂಡಿಸಿಕೊಳ್ಳುತ್ತಿದ್ದವು. ಸಂಖ್ಯೆ ಆಗಲೇ ತೀರ್ಮಾನ ಆಗಿತ್ತು. ಕೊಯ್ಲಿಗೆ ಬಂದ ಹೆಸರು ಬೆಳೆಗೆ ಗೊಬ್ಬರ ಹಾಕಿ ಇಳುವರಿ ಕೇಳಿದಂಗಾಯ್ತು. ಎಣಿಕೆ ಬದಲಾಗುತ್ತದಾ ಅಂತ ನೋಡಬೇಕಾದರೆ ಆರೇಳು ವಾರವಾದರೂ ಕೊಡಬೇಕು.

ಇನ್ನು ಡೋಸ್. ಅರ್ಜಿನೈನ್‌ನಿಂದ ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಅದು ಸ್ವಲ್ಪ ಇದ್ದರೆ ವೀರ್ಯಾಣುವಿನ ಚಲನೆಗೆ ಒಳ್ಳೆಯದು, ಅತಿಯಾದರೆ ಚಲನೆಯನ್ನೇ ಕುಗ್ಗಿಸುತ್ತದೆ. ದುಪ್ಪಟ್ಟು ಹಾಕಿದರೆ ದುಪ್ಪಟ್ಟು ಫಲ ಅನ್ನೋ ಲೆಕ್ಕ ಇಲ್ಲಿ ನಡೆಯೋದಿಲ್ಲ.

ಬಾಟಲಿ ಮೇಲೆ ಏನು ಬರೆದಿದೆ? ಬರೀ ಅರ್ಜಿನೈನಾ, ಅದರ ಲವಣ ರೂಪವಾದ ಹೈಡ್ರೋಕ್ಲೋರೈಡಾ?

ಇಲಿಮನೆ_ಧಾರವಾಡ
ಬರೀ ಅರ್ಜಿನೈನ್ ಸರ್. ಪಂಜರಕ್ಕೆ ನಾಲ್ಕು ಗಂಡು.

ಹಳೇ_ಮೈಕ್ರೋಸ್ಕೋಪ್, ಹುಬ್ಬಳ್ಳಿ
ಹಾಗಾದರೆ ನೀರು ಉಳಿಯುವುದು ಸಹಜ. ಬರೀ ಅರ್ಜಿನೈನ್ ಬೆರೆಸಿದ ನೀರು ಚೆನ್ನಾಗೇ ಕ್ಷಾರವಾಗಿರುತ್ತದೆ, ಇಲಿ ಮೂಸಿ ಬಿಡುತ್ತದೆ. ಹೈಡ್ರೋಕ್ಲೋರೈಡ್ ತಗೊಂಡು ಪಿಎಚ್ ಸರಿ ಮಾಡು. 1 ಗ್ರಾಂ ಅರ್ಜಿನೈನ್ ಬದಲಿಗೆ ಅದು ಸುಮಾರು 1.2 ಗ್ರಾಂ ಬೇಕು. ಬಾಟಲಿಯನ್ನು ದಿನಾ ತೂಗು. 25-30 ಗ್ರಾಂ ತೂಕದ ಇಲಿ ದಿನಕ್ಕೆ 4-6 ಮಿ.ಲೀ. ಕುಡಿಯಬೇಕು. ಅದಕ್ಕಿಂತ ತೀರಾ ಕಡಿಮೆಯಾದರೆ ನೀನು ಅಳೆಯುತ್ತಿರುವುದು ಅರ್ಜಿನೈನ್ ಅಲ್ಲ, ಬಾಯಾರಿಕೆ.

ನಾಲ್ಕು ಗಂಡು ಒಟ್ಟಿಗಿದ್ದರೆ ಒಂದು ದಾದಾಗಿರಿ ಮಾಡುತ್ತದೆ. ಉಳಿದವಕ್ಕೆ ಒತ್ತಡ, ಟೆಸ್ಟೊಸ್ಟೆರಾನ್ ಇಳಿಯಬಹುದು. ಎಣಿಕೆ ಚೆಲ್ಲಾಪಿಲ್ಲಿ ಆಗುವುದಕ್ಕೆ ಅದೂ ಒಂದು ಕಾರಣ. ಬೆನ್ನು, ಬಾಲದ ಮೇಲೆ ಕಚ್ಚಿದ ಗಾಯ ಇದೆಯಾ ನೋಡು. ಬಾಟಲಿ ಒಂದೇ ಆದಾಗ ಯಾವುದು ಎಷ್ಟು ಕುಡಿಯಿತು ಅಂತಲೂ ಗೊತ್ತಾಗೋದಿಲ್ಲ. ಅಂಕಿಅಂಶ ಹಾಕುವಾಗ ಪಂಜರವನ್ನೇ ಒಂದು ಘಟಕ ಅಂತ ಹಿಡಿಯಬೇಕು, ಇಲಿಯನ್ನಲ್ಲ. ಪರೀಕ್ಷಕರು ಕೇಳೇ ಕೇಳುತ್ತಾರೆ.

ಗದಗ_ಫಾರ್ಮಸಿ
ಬರೀ ನೀರಿನ ಕಂಟ್ರೋಲ್ ಸಾಲದು ರೀ. ಅರ್ಜಿನೈನ್‌ನಲ್ಲಿ ನಾಲ್ಕು ನೈಟ್ರೋಜನ್ ಇವೆ. ಫಲ ಬಂದರೆ ಅದು ಅರ್ಜಿನೈನ್‌ನಿಂದಲೋ, ಹೆಚ್ಚುವರಿ ನೈಟ್ರೋಜನ್‌ನಿಂದಲೋ? ಇನ್ನೊಂದು ಗುಂಪಿಗೆ ಎಲ್-ಅಲನೈನ್ ಅನ್ನೋ ಬೇರೆ ಅಮೈನೋ ಆಮ್ಲ ಕೊಡಿ. 1 ಗ್ರಾಂ ಅರ್ಜಿನೈನ್ ಹೈಡ್ರೋಕ್ಲೋರೈಡ್‌ಗೆ ಸುಮಾರು 1.7 ಗ್ರಾಂ ಅಲನೈನ್ ಹಾಕಿದರೆ ನೈಟ್ರೋಜನ್ ಸಮ ಆಗುತ್ತದೆ.

ಅಂದಹಾಗೆ ಅನಿಮಲ್ ಹೌಸ್‌ನಲ್ಲಿ ಬಿಸಿ ಎಷ್ಟು? ಏಪ್ರಿಲ್ ಅಲ್ವಾ ಇದು!

ಇಲಿಮನೆ_ಧಾರವಾಡ
ಹಗಲು ಎಸಿ ಇರುತ್ತದೆ ಮೇಡಂ. ಕರೆಂಟ್ ಹೋದರೆ ಫ್ಯಾನೂ ಇಲ್ಲ.

ಗದಗ_ಫಾರ್ಮಸಿ
ಹಾಗಿದ್ದರೆ ಗರಿಷ್ಠ-ಕನಿಷ್ಠ ತೋರಿಸುವ ಥರ್ಮಾಮೀಟರ್ ಇಂದೇ ತೂಗುಹಾಕಿ. ವೃಷಣ ಮೈಗಿಂತ ಕೆಲವು ಡಿಗ್ರಿ ತಂಪಾಗಿರಬೇಕು. ಸೆಕೆ ಜೋರಾಗಿ ತಾಗಿದರೆ ಅದರ ಪೆಟ್ಟು ಎಣಿಕೆಯಲ್ಲಿ ಕಾಣುವುದು ವಾರಗಳ ನಂತರ. ಆಗ ಅರ್ಜಿನೈನ್ ಮೇಲೆ ಗೂಬೆ ಕೂರಿಸಬೇಡಿ.

ಹಾವೇರಿ_ಜಿಮ್
ಸುಮ್ನೆ ಕೇಳ್ತೀನಿ. ಜಿಮ್‌ನಲ್ಲಿ ಇದೇ ಅರ್ಜಿನೈನ್ ಪುಡಿ ಮಾರುತ್ತಾರೆ. ನಾವು ತಗೊಂಡರೆ?

ಹಳೇ_ಮೈಕ್ರೋಸ್ಕೋಪ್, ಹುಬ್ಬಳ್ಳಿ
ಇಲಿ ಲೆಕ್ಕ ಮನುಷ್ಯನಿಗೆ ಹಾಕಬೇಡಪ್ಪಾ. ನಮ್ಮಲ್ಲಿ ವೀರ್ಯಾಣು ಆಗುವುದಕ್ಕೇ ಸುಮಾರು 74 ದಿನ. ಮಕ್ಕಳ ಚಿಂತೆ ಇದ್ದರೆ ವೀರ್ಯ ಪರೀಕ್ಷೆ ಮಾಡಿಸಿ ಡಾಕ್ಟರ್ ಹತ್ತಿರ ಮಾತಾಡು.

ಇಲಿಮನೆ_ಧಾರವಾಡ
ಸರ್, ಪ್ರಾಣಿ ನೈತಿಕ ಸಮಿತಿ ಅನುಮತಿ ಎರಡು ವಾರಕ್ಕಷ್ಟೇ ಇದೆ. ಗೈಡ್ ಬೇಗ ಮುಗಿಸು ಅನ್ನುತ್ತಾರೆ.

ಹಳೇ_ಮೈಕ್ರೋಸ್ಕೋಪ್, ಹುಬ್ಬಳ್ಳಿ
ಅವಧಿ ಹೆಚ್ಚಿಸಬೇಕಾದರೆ ತಿದ್ದುಪಡಿ ಅರ್ಜಿ ಹಾಕಲೇಬೇಕು, ಅನುಮತಿ ಬರುವ ಮುಂಚೆ ಒಂದು ಇಲಿಯನ್ನೂ ಮುಟ್ಟಬೇಡ. ಸಮಯ ಇಲ್ಲದಿದ್ದರೆ ಪ್ರಶ್ನೆಯನ್ನೇ ಬದಲಿಸು. ಎರಡು ವಾರದಲ್ಲಿ ಎಪಿಡಿಡೈಮಿಸ್‌ನಲ್ಲಿ ಆಗುವ ಪಕ್ವತೆ, ಚಲನೆ ನೋಡಬಹುದು. ಸ್ಲೈಡು, ದ್ರಾವಣ ಎರಡೂ 37 ಡಿಗ್ರಿಯಲ್ಲಿರಲಿ, ತೆಗೆದ ತಕ್ಷಣ ನೋಡು. ತಣ್ಣಗಾದರೆ ಚುರುಕು ವೀರ್ಯಾಣುವೂ ಸೋಮಾರಿಯಾಗುತ್ತದೆ. ಆದರೆ ಶೀರ್ಷಿಕೆಯಲ್ಲಿ ಫಲವತ್ತತೆ ಅಂತ ಬರೆಯಬೇಡ. ಅದಕ್ಕೆ ಹೆಣ್ಣಿಲಿ ಜೊತೆ ಬಿಟ್ಟು ಮರಿ ಎಣಿಸಬೇಕು.