ತಮ್ಮನ ಮಾತ್ರೆ ಇನ್ನೆಷ್ಟು ದಿನ? ಅನುಭವ ಇರುವವರು ದಯವಿಟ್ಟು ಹೇಳಿ

ನನ್ನ ತಮ್ಮನಿಗೆ 24 ವರ್ಷ. ಯಾರೋ ಕಿವಿಯಲ್ಲಿ ಬೈಯುತ್ತಿದ್ದಾರೆ, ಊರವರೆಲ್ಲ ನನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎಂದು ರಾತ್ರಿಯಿಡೀ ಎದ್ದು ಕೂರುತ್ತಿದ್ದ. ಡಾಕ್ಟರು ಸ್ಕಿಜೋಫ್ರೇನಿಯಾ ಎಂದರು. ಓಲಾಂಜಪಿನ್ ಶುರುವಾದ ಮೇಲೆ ದನಿಗಳು ನಿಂತಿವೆ, ಅಂಗಡಿಗೂ ಹೋಗುತ್ತಿದ್ದಾನೆ. ಆದರೆ ತೂಕ ಏರಿದೆ, ಬೆಳಿಗ್ಗೆ ಏಳೋದೇ ಕಷ್ಟ. "ಚೆನ್ನಾಗಿದ್ದಾನಲ್ಲ, ಇನ್ನು ಮಾತ್ರೆ ಯಾಕೆ? ಒಂದು ಮದುವೆ ಮಾಡಿ" ಅಂತಾರೆ ದೊಡ್ಡಪ್ಪ. ಅಪ್ಪನೂ ಹೂಂ ಅನ್ನುತ್ತಿದ್ದಾರೆ. ಚನ್ನಗಿರಿಯಿಂದ ಬೆಂಗಳೂರಿಗೆ ಪ್ರತಿ ಸಲ ಓಡಾಡುವುದೂ ಭಾರ. ನಿಲ್ಲಿಸಬಹುದಾ?

ಧಾರವಾಡದ ಒಬ್ಬ ತಾಯಿ:
ಬೇಡಮ್ಮ, ನೀವಾಗಿ ನಿಲ್ಲಿಸಬೇಡಿ. ನನ್ನ ಮಗನಿಗೂ ಇದೇ ಕಾಯಿಲೆ. ಮೊದಲ ಸಲ ಬಂದು ವಾಸಿಯಾದ ಮೇಲೂ ಕಡಿಮೆ ಎಂದರೆ ಒಂದೆರಡು ವರ್ಷ ಮಾತ್ರೆ ಮುಂದುವರಿಸಬೇಕು, ಮತ್ತೆ ಮತ್ತೆ ಬಂದರೆ ಇನ್ನೂ ಜಾಸ್ತಿ ಕಾಲ ಬೇಕು ಎಂದು ಡಾಕ್ಟರು ನಮಗೆ ಹೇಳಿದ್ದರು. ಕಡಿಮೆ ಮಾಡುವುದಾದರೂ ಅವರೇ ನೋಡಿಕೊಂಡು ನಿಧಾನವಾಗಿ ಮಾಡುತ್ತಾರೆ.

ನಿಮ್ಮ ದೊಡ್ಡಪ್ಪನವರಿಗೆ ಒಂದು ಮಾತು ಬಿಡಿಸಿ ಹೇಳಿ. ಮಾತ್ರೆ ಬಿಟ್ಟ ಮರುದಿನವೇ ಏನೂ ಆಗೋದಿಲ್ಲ. ಮೋಸ ಇರುವುದೇ ಅಲ್ಲಿ. ಮಗ ಬೇರೆ ಊರಿನಲ್ಲಿ ಕೆಲಸಕ್ಕಿದ್ದಾಗ ತಾನೇ ಬಿಟ್ಟುಬಿಟ್ಟಿದ್ದ. ಮೊದಲ ಕೆಲವು ವಾರ ಎಷ್ಟು ಚುರುಕಾಗಿದ್ದ ಅಂದರೆ, ಫೋನಿನಲ್ಲಿ ಅವನ ದನಿ ಕೇಳಿ ನಮಗೆಲ್ಲ ಖುಷಿಯೋ ಖುಷಿ. ಮಂಪರು ಇಳಿದಿತ್ತು, ಅಷ್ಟೇ. ಆಮೇಲೆ ನಿದ್ದೆ ಕೆಟ್ಟಿತು. ಊಟಕ್ಕೆ ಮೆಸ್ಸಿಗೆ ಹೋಗೋದು ಬಿಟ್ಟ. ನಾವು ರೂಮಿಗೆ ಹೋದಾಗ ಮೊಬೈಲಿನ ಸಿಮ್ ತೆಗೆದು, ಪೇಪರಿನಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯೊಳಗೆ ಇಟ್ಟಿದ್ದ. "ಅವರು ಕೇಳಿಸಿಕೊಳ್ತಾರೆ" ಅಂದ. ಮತ್ತೆ ಆಸ್ಪತ್ರೆ, ಮತ್ತೆ ಮೊದಲಿನಿಂದ.

ಈಗ ನಮ್ಮ ಮನೆ ಕ್ಯಾಲೆಂಡರಿನಲ್ಲಿ ಅವನ ನಿದ್ದೆ ಗುರುತು ಹಾಕುತ್ತೇವೆ. ಅವನೇ ಹಾಕುತ್ತಾನೆ. ಎರಡು ಮೂರು ರಾತ್ರಿ ನಿದ್ದೆ ತಪ್ಪಿದರೆ ತಡಮಾಡದೆ ಇಲ್ಲಿನ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗುತ್ತೇವೆ. ನಿಮ್ಮ ತಮ್ಮನಿಗೆ ಮೊದಲು ಕೆಟ್ಟಿದ್ದು ಏನು ಎಂದು ನೆನಪು ಮಾಡಿಕೊಳ್ಳಿ. ತಿರುಗಿ ಬಂದರೆ ಬಹಳ ಸಲ ಅದೇ ದಾರಿಯಲ್ಲಿ ಬರುತ್ತದೆ. ದೇವಸ್ಥಾನಕ್ಕೆ ಹೋಗಿ, ಹರಕೆ ತೀರಿಸಿ, ನಾವೂ ಹೋಗುತ್ತೇವೆ. ಮಾತ್ರೆ ಜೊತೆಗಿರಲಿ.

ಮೈಸೂರಿನಿಂದ:
ಅಕ್ಕ, ಈ ಕಾಯಿಲೆ ಇರುವವನೇ ಬರೆಯುತ್ತಿದ್ದೇನೆ. ನಿಮ್ಮ ತಮ್ಮ ಹೇಳುವ ತೊಂದರೆ ನಿಜ, ನೆಪ ಅಲ್ಲ. ಅದೇ ಮಾತ್ರೆಯಲ್ಲಿ ನನಗೆ ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಮತ್ತೆ ಹಸಿವಾಗುತ್ತಿತ್ತು. ಬೆಳಿಗ್ಗೆ ತಲೆಯಲ್ಲಿ ಹತ್ತಿ ತುರುಕಿದ ಹಾಗೆ ಇರುತ್ತಿತ್ತು. ಡಾಕ್ಟರಿಗೆ ನೇರವಾಗಿ ಹೇಳಿದೆ. ಮೊದಲು ಮಾತ್ರೆ ನುಂಗುವ ಹೊತ್ತನ್ನು ಸಂಜೆಗೆ ತಂದರು. ಆಮೇಲೆ ಸ್ವಲ್ಪ ಸ್ವಲ್ಪವೇ ಅರಿಪಿಪ್ರಜೋಲ್‌ಗೆ ಬದಲಿಸಿದರು. ಅದರಲ್ಲಿ ಶುರುವಿಗೆ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ, ಚಡಪಡಿಕೆ. ಅದಕ್ಕೂ ಔಷಧಿ ಕೊಟ್ಟರು, ಕಡಿಮೆಯಾಯಿತು. ಎಲ್ಲರಿಗೂ ಇದೇ ಹೊಂದುತ್ತೆ ಅನ್ನುತ್ತಿಲ್ಲ. ಆದರೆ ಮಾತ್ರೆಗಳು ಹಲವಾರಿವೆ. ಒಂದು ಒಗ್ಗಲಿಲ್ಲ ಎಂದರೆ ಚಿಕಿತ್ಸೆಯೇ ಒಗ್ಗಲಿಲ್ಲ ಎಂದಲ್ಲ.

ತೂಕ, ಸೊಂಟದ ಅಳತೆ, ಖಾಲಿ ಹೊಟ್ಟೆಯ ಶುಗರ್, ಕೊಲೆಸ್ಟ್ರಾಲ್ ಆಗಾಗ ನೋಡಿಸಿ. ಸಿಗರೇಟು ಸೇದುತ್ತಾನಾ? ಹಾಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಬೇಕು. ಹೊಗೆ ಓಲಾಂಜಪಿನ್ ಮತ್ತು ಇದೇ ಕಾಯಿಲೆಗೆ ಕೊಡುವ ಕ್ಲೋಜಪಿನ್‌ನ ಮಟ್ಟವನ್ನು ರಕ್ತದಲ್ಲಿ ಇಳಿಸುತ್ತದೆ. ಬಿಟ್ಟರೆ ಮಟ್ಟ ಏರುತ್ತದೆ, ಡೋಸ್ ಬದಲಿಸಬೇಕಾಗಬಹುದು.

ಇನ್ನೊಂದು ಮಾತು. ಅವನು ಸುಮ್ನೆ ಕೂತಿದ್ದರೆ ಸೋಮಾರಿ ಅನ್ನಬೇಡಿ. ಏನೂ ಬೇಡ ಅನ್ನಿಸುವುದು, ಮಾತು ಕಡಿಮೆಯಾಗುವುದು ಈ ಕಾಯಿಲೆಯದೇ ಭಾಗ. ದನಿಗಳು ಅಡಗಿದಷ್ಟು ಬೇಗ ಇದು ಹೋಗೋದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಬೈಗುಳ ಕೇಳುವ ಮನೆಯಲ್ಲಿ ಯಾವ ಮಾತ್ರೆಯೂ ಪೂರ್ತಿ ಕೆಲಸ ಮಾಡಲಾರದು.

ತಾಲ್ಲೂಕು ಆಸ್ಪತ್ರೆಯ ನರ್ಸ್:
ಬೆಂಗಳೂರಿಗೆ ಪ್ರತಿ ಸಲ ಹೋಗಬೇಕಾಗಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿ ಎಲ್ಲ ಜಿಲ್ಲೆಗಳಲ್ಲೂ ಇದೆ. 1996ರಲ್ಲಿ ದೇಶದಲ್ಲಿ ಇದು ಶುರುವಾದಾಗ ಮಾದರಿಯಾಗಿದ್ದು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಕೆಲಸ. ದಾವಣಗೆರೆ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದಲ್ಲಿ ವಿಚಾರಿಸಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೂ ಬರುತ್ತಾರೆ. ಚನ್ನಗಿರಿಗೆ ಯಾವ ವಾರ ಎಂದು ಅಲ್ಲೇ ಕೇಳಿ. ಹಳೆಯ ಚೀಟಿಗಳನ್ನೆಲ್ಲ ತನ್ನಿ. ಮಾತ್ರೆ ಹಾಳೆಯ ಫೋಟೊ ಮಾತ್ರ ತಂದರೆ ಯಾವಾಗ ಎಷ್ಟು ಡೋಸ್ ಇತ್ತು ಎಂದು ನಮಗೆ ತಿಳಿಯೋದಿಲ್ಲ.

ದಿನಾ ನುಂಗುವುದೇ ಬೇಸರವಾಗಿದ್ದರೆ ಎರಡು ಮೂರು ವಾರಕ್ಕೋ ತಿಂಗಳಿಗೋ ಒಂದು ಇಂಜೆಕ್ಷನ್ ತೆಗೆದುಕೊಳ್ಳಬಹುದು. ಅವನಿಗೆ ಒಪ್ಪಿಗೆಯಾಗುತ್ತಾ ಕೇಳಿ ನೋಡಿ. ರಾತ್ರಿ ಹೊತ್ತು ಗಾಬರಿಯಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತನಗೋ ಬೇರೆಯವರಿಗೋ ಅಪಾಯ ಮಾಡಿಕೊಳ್ಳುವ ಮಾತು ಬಂದರೆ ಮಾತ್ರ ಫೋನಿಗೆ ಕಾಯದೆ ನೇರ ಆಸ್ಪತ್ರೆಗೆ ಕರೆತನ್ನಿ.

ಹಾಸನದಿಂದ:
ಸಾರಿನಲ್ಲಿ, ಕಾಫಿಯಲ್ಲಿ ಮಾತ್ರೆ ಕಲಸಿ ಕೊಡಿ ಎಂದು ಯಾರಾದರೂ ಹೇಳುತ್ತಾರೆ. ಬೇಡ. ನಮ್ಮ ನೆಂಟರ ಮನೆಯಲ್ಲಿ ಹುಡುಗನಿಗೆ ಅದು ಗೊತ್ತಾಗಿ ಮನೆಯ ಊಟವನ್ನೇ ಬಿಟ್ಟ. ಅನ್ನದಲ್ಲಿ ಏನೋ ಹಾಕುತ್ತಿದ್ದಾರೆ ಎಂಬ ಅವನ ಅನುಮಾನ ನಿಜವೇ ಆಗಿತ್ತಲ್ವಾ.

ತುಮಕೂರಿನ ಒಬ್ಬ ಅತ್ತಿಗೆ:
ಮದುವೆ ಔಷಧಿ ಅಲ್ಲ. ನಮ್ಮ ಮೈದುನನ ಮದುವೆ ಆಯಿತು, ಚೆನ್ನಾಗಿದ್ದಾರೆ. ಆದರೆ ನೋಡಲು ಹೋದಾಗಲೇ ಹುಡುಗಿಗೆ ಎಲ್ಲವನ್ನೂ ಹೇಳಿದ್ದೆವು. ಒಂದೆರಡು ಸಂಬಂಧ ಅದರಿಂದ ತಪ್ಪಿತು, ತಪ್ಪಲಿ ಅಂದುಕೊಂಡೆವು. ಮುಚ್ಚಿಟ್ಟು ಮಾಡಿದರೆ ಗೊತ್ತಾದ ದಿನ ಆ ಹುಡುಗಿಗೆ ಎಂಥ ಅನ್ಯಾಯ, ಯೋಚಿಸಿ. ಕೋರ್ಟಿಗೂ ಹೋಗಬಹುದು. ಮದುವೆಗೆ ಮುಂಚೆ ಇಬ್ಬರನ್ನೂ ಕೂರಿಸಿಕೊಂಡು ಡಾಕ್ಟರು ಕಾಯಿಲೆ, ಮಾತ್ರೆ, ಮಕ್ಕಳ ವಿಷಯ ಎಲ್ಲ ವಿವರಿಸಿದರು. ಮದುವೆ ಮನೆಯಲ್ಲಿ ನಿದ್ದೆ ಕೆಡಬಾರದು ಎಂದು ಹಿಂದಿನ ರಾತ್ರಿ ಅವನನ್ನು ಛತ್ರದಲ್ಲಿ ಉಳಿಸಲಿಲ್ಲ, ಪಕ್ಕದ ಬೀದಿಯ ನೆಂಟರ ಮನೆಯಲ್ಲಿ ಮಲಗಿಸಿದೆವು. ಮುಹೂರ್ತವನ್ನೂ ಕೇಳಿಕೊಂಡು ಹತ್ತು ಗಂಟೆಯ ಮೇಲೆಯೇ ಇಡಿಸಿದ್ದೆವು. ನಿಮ್ಮ ತಮ್ಮನಿಗೆ ಈಗ ಮದುವೆ ಬೇಕಾ ಎಂದು ಅವನನ್ನೇ ಯಾರಾದರೂ ಕೇಳಿದ್ದೀರಾ?