ಅಪ್‌ಡೇಟ್: ಐಟಿಐ ಇಲ್ಲದ ಪದವೀಧರರಿಗೆ ಯೂನಿಯನ್ ಇರುವ ಕೆಲಸ

ಐಟಿಐ, ಡಿಪ್ಲೊಮಾ ಇಲ್ಲದೆ ಬರೀ ಡಿಗ್ರಿ ಇದ್ದವರಿಗೆ ಯೂನಿಯನ್ ಬಲ ಇರುವ ಕೆಲಸ ಎಲ್ಲಿದೆ ಅಂತ ಕೇಳಿದ್ದೆ. ಹುಡುಕಿದ ಮೇಲೆ ಗಟ್ಟಿಯಾಗಿ ಹೇಳಬಹುದಾದ ಉತ್ತರ: ಸರ್ಕಾರಿ ಬ್ಯಾಂಕಿನ ಕ್ಲರ್ಕ್ ಹುದ್ದೆ.

ಇಲ್ಲಿ ಸಂಬಳ ಮ್ಯಾನೇಜರ್ ಮರ್ಜಿಯಲ್ಲ. ಬ್ಯಾಂಕುಗಳ ಸಂಘ ಐಬಿಎ ಮತ್ತು ನೌಕರರ ಯೂನಿಯನ್‌ಗಳು ಕೂತು ಮಾಡುವ ದ್ವಿಪಕ್ಷೀಯ ಒಪ್ಪಂದದ ಪ್ರಕಾರ. 12ನೆಯ ಒಪ್ಪಂದಕ್ಕೆ 2024ರ ಮಾರ್ಚ್ 8ರಂದು ಸಹಿ ಬಿತ್ತು. 2022ರ ನವೆಂಬರ್ 1ರಿಂದಲೇ ಅನ್ವಯ. ಆರಂಭದ ಮೂಲವೇತನ 24,050 ರೂಪಾಯಿ, ಡಿಎ (ತುಟ್ಟಿಭತ್ಯೆ) ಬೇರೆ.

ವಯಸ್ಸು 20ರಿಂದ 28, ಮೀಸಲಾತಿ ಇದ್ದವರಿಗೆ ಸಡಿಲಿಕೆ. ಸರ್ಕಾರಿ ಬ್ಯಾಂಕುಗಳಿಗೆ ನೇಮಕಾತಿ ಪರೀಕ್ಷೆ ನಡೆಸುವ ಸಂಸ್ಥೆ ಐಬಿಪಿಎಸ್‌. ಅದರ ಅರ್ಜಿ ಒಂದೇ ರಾಜ್ಯಕ್ಕೆ. ಖಾಲಿ ಹುದ್ದೆ ಜಾಸ್ತಿ ಅಂತ ಭಾಷೆ ಬಾರದ ರಾಜ್ಯಕ್ಕೆ ಹಾಕಿ, ಕೊನೆಗೆ ಸ್ಥಳೀಯ ಭಾಷಾ ಪರೀಕ್ಷೆಯಲ್ಲಿ ಬೀಳುವವರಿದ್ದಾರೆ. ಎಸ್‌ಬಿಐ ಪರೀಕ್ಷೆ ಪ್ರತ್ಯೇಕ. 10 ಅಥವಾ 12ನೇ ತರಗತಿಯಲ್ಲಿ ಕನ್ನಡ ಓದಿದ ಅಂಕಪಟ್ಟಿ ಇದ್ದರೆ ಅಲ್ಲಿ ಕನ್ನಡ ಪರೀಕ್ಷೆ ಬರೆಯಬೇಕಿಲ್ಲ. ಆ ಹಾಳೆ ಜೋಪಾನ.

ಮುಖ್ಯವಾಗಿ, ಬ್ಯಾಂಕಿನೊಳಗೇ ಕೂತರೂ ಏಜೆನ್ಸಿ ಮೂಲಕ ಬಂದವರಿಗೆ ಈ ಒಪ್ಪಂದ ಅನ್ವಯಿಸುವುದಿಲ್ಲ. ಸಹಿಗೆ ಮುಂಚೆ ನೇಮಕಾತಿ ಪತ್ರದಲ್ಲಿ ಎರಡು ನೋಡಿ: ಕೊಡುತ್ತಿರುವುದು ಬ್ಯಾಂಕೋ ಏಜೆನ್ಸಿಯೋ, ಸೇವಾ ನಿಯಮಕ್ಕೆ ದ್ವಿಪಕ್ಷೀಯ ಒಪ್ಪಂದದ ಉಲ್ಲೇಖ ಇದೆಯೋ ಇಲ್ಲವೋ.